ಕಾಲು ಪೂರ್ವಕ್ಕೆ

ಜನವರಿ 9, ಶುಕ್ರವಾರ

ದಿನಚರಿಯೇ, ಕಿವಿಗೊಟ್ಟು ಕೇಳು. ಪರದೆ ಎದ್ದಿದೆ, ದೀಪ ಹೊತ್ತಿದೆ, ಖಳನಾಯಕನ ಪ್ರವೇಶವಾಗಿದೆ. ಈ ಸಲದ ಖಳನಾಯಕನಿಗೆ ಮೀಸೆಯಿಲ್ಲ, ಕತ್ತಿಯಿಲ್ಲ, ಗಹಗಹಿಸುವ ನಗೆಯೂ ಇಲ್ಲ. ಚರ್ಚಿನ ಸೂಚನಾಫಲಕಕ್ಕೆ ಪಿನ್ನು ಚುಚ್ಚಿ ನಿಲ್ಲಿಸಿದ ಒಂದು ಬಿಳಿ ಹಾಳೆ ಅವನು. ರಸ್ತೆ ಅಗಲವಾಗಬೇಕಂತೆ. ಅದಕ್ಕಾಗಿ ಸಮಾಧಿ ಭೂಮಿಯ ಹಿಂದಿನ ಸಾಲು ತೆರವಾಗಬೇಕಂತೆ. ಅಲ್ಲಿರುವವರನ್ನು ತೆಗೆದು ಊರಾಚೆಯ ಹೊಸ ಜಾಗದಲ್ಲಿ ಮತ್ತೆ ಮಣ್ಣು ಮಾಡುತ್ತಾರಂತೆ. ತೆಗೆಯುವಾಗ ಮನೆಯವರು ಎದುರಿಗಿರಬೇಕಂತೆ.

ಹಿಂದಿನ ಸಾಲು ಎಂದರೆ ಆ ರೋಗದ ವರ್ಷದ ಸಾಲು. ಗೋಡೆಯ ಪಕ್ಕದ್ದು ನನ್ನ ತಮ್ಮನ ಹೆಸರಿನದು. ಭರ್ಜರಿ ಪಾತ್ರಧಾರಿ ಅವನು. ನಾಟಕ ಇನ್ನೂ ನಡೆಯುತ್ತಿರುವಾಗಲೇ ರಂಗದಿಂದ ನಿರ್ಗಮಿಸಿದ.

ಅದನ್ನು ಓದಿಕೊಂಡು ಕೆಲಸಕ್ಕೆ ಹೋದೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತೆ, ಮೈಕಿಗೆ ಗಾಳಿ ಸದ್ದು ಹೋಗಬಾರದೆಂದು ಫ್ಯಾನ್ ಆರಿಸಿದೆ, ಬಾಯಿ ತೆರೆದೆ. ಸ್ವಲ್ಪ ಹೊತ್ತಿಗೆ ಕಂಟ್ರೋಲರ್ ಬಾಗಿಲಿಗೆ ಬಂದು ನಿಂತ.

"ಏನ್ ಗುರುವೇ, ಮೂರನೇ ಪ್ಲಾಟ್‌ಫಾರಂ ಬಸ್ಸನ್ನ ಏಳನೇದಕ್ಕೆ ಕಳಿಸ್ಬಿಟ್ಯಲ್ಲ. ಜನ ಗಂಟುಮೂಟೆ ಹೊತ್ಕೊಂಡು ಓಡ್ತಾ ಇದ್ದಾರೆ."

"ತಪ್ಪು ಹೇಳಿದ್ನಾ?"

"ತಪ್ಪು ಹೇಳಿದ್ರೆ ಪರವಾಗಿಲ್ಲ. ಚಕ್ರವರ್ತಿ ಆಜ್ಞೆ ಮಾಡ್ದಂಗೆ ಹೇಳಿದೀಯ. ಒಬ್ಬರಿಗೂ ಅನುಮಾನ ಬಂದಿಲ್ಲ ನೋಡು."

ಜನವರಿ 10

ಅಮ್ಮನಿಗೆ ಹೇಳಬೇಕಿತ್ತು. ಹೇಳುವುದಕ್ಕೆ ಮೊದಲು ಬಚ್ಚಲುಮನೆಯಲ್ಲಿ ಮಾತುಗಳನ್ನು ಅಭ್ಯಾಸ ಮಾಡಿದೆ. 'ತಾಯೇ, ಎದೆ ಗಟ್ಟಿಮಾಡಿಕೋ' ಎಂದು ಶುರುಮಾಡುವ ಯೋಚನೆಯಿತ್ತು. ಅಡುಗೆಮನೆಗೆ ಬಂದರೆ ಅವಳು ಹುರುಳಿಕಾಯಿಯ ನಾರು ತೆಗೆಯುತ್ತಾ ಕುಳಿತಿದ್ದಳು. ಅಭ್ಯಾಸ ಮಾಡಿದ್ದನ್ನೆಲ್ಲ ಬಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು.

"ತೆಗೀಲಿ. ಅಲ್ಲಿರೋದು ನನ್ನ ಮಗ ಅಲ್ಲ ಅಂತ ಅವತ್ತಿನಿಂದ ಬಡ್ಕೋತಾ ಇದ್ದೀನಿ. ನೀವ್ಯಾರೂ ಕೇಳ್ಲಿಲ್ಲ. ಈಗ ಎಲ್ಲರೂ ನೋಡ್ಲಿ."

ಅವಳ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಆ ದಿನಗಳಲ್ಲಿ ಮುಖ ನೋಡಲು ಯಾರನ್ನೂ ಬಿಡಲಿಲ್ಲ. ಅಮ್ಮ ಜ್ವರದಲ್ಲಿ ಮನೆಯಲ್ಲಿ ಮಲಗಿದ್ದಳು. ತಮ್ಮನ ಹೆಂಡತಿ ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡಿದ್ದಳು. ನಾನು ಸಮಾಧಿ ಭೂಮಿಯ ಗೇಟಿನ ಹೊರಗೆ ನಿಂತು, ಬಿಳಿ ಉಡುಪಿನವರು ಒಂದು ಉದ್ದನೆಯ ಚೀಲವನ್ನು ಹೊತ್ತೊಯ್ಯುವುದನ್ನು ದೂರದಿಂದ ಕಂಡೆ, ಅಷ್ಟೇ. ಬೇರೆ ಊರುಗಳಲ್ಲಿ ಹೆಣಗಳು ಅದಲುಬದಲಾದ ಸುದ್ದಿ ಆಗ ದಿನವೂ ಬರುತ್ತಿತ್ತು. ಅಮ್ಮ ಅದನ್ನೇ ಹಿಡಿದುಕೊಂಡಳು. ಮಗ ಎಲ್ಲೋ ನೆನಪು ತಪ್ಪಿ ಕೂತಿದ್ದಾನೆ, ಒಂದು ದಿನ ಬರುತ್ತಾನೆ ಎಂಬುದು ಅವಳ ನಂಬಿಕೆ. ಅವನ ಫೋನಿಗೆ ಈಗಲೂ ಕರೆನ್ಸಿ ಹಾಕಿಸುತ್ತಾಳೆ, ಕರೆ ಮಾಡುತ್ತಾಳೆ.

"ಸ್ವಿಚ್ ಆಫ್ ಆಗಿದೆ ಅಂತಾಳೆ ಆ ಹುಡುಗಿ. ಸತ್ತಿದ್ದಾನೆ ಅಂತ ಹೇಳಲ್ವಲ್ಲ."

ಇದನ್ನು ಕೇಳಿ ನಾನು ನಗುತ್ತೇನೆ. ಪಾಪ ಮುದುಕಿ. ಸತ್ಯವನ್ನು ಎದುರಿಸುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ.

ಜನವರಿ 13

ನಿದ್ದೆ ಬರಲಿಲ್ಲ. ಅಪ್ಪನ ನೆನಪು. ನಾಟಕ ಕಂಪನಿಯಲ್ಲಿ ಅಪ್ಪ ರಾಜ. ದಿನವೂ ಕೊನೆಯ ಅಂಕದಲ್ಲಿ ಎದೆಗೆ ಬಾಣ ತಗುಲಿ, ಒಂದು ಇಡೀ ಹಾಡು ಹಾಡಿ ಮುಗಿಸಿಯೇ ಪ್ರಾಣ ಬಿಡುತ್ತಿದ್ದರು. ನಾನೂ ತಮ್ಮನೂ ಪಕ್ಕದ ಪರದೆಯ ಸಂದಿಯಿಂದ ನೋಡುತ್ತಿದ್ದೆವು. ಪರದೆ ಬಿದ್ದೊಡನೆ ಅಪ್ಪ ಎದ್ದು ಧೋತರ ಕೊಡವಿಕೊಂಡು ಬೀಡಿ ಹಚ್ಚುತ್ತಿದ್ದರು. ಸಾವೆಂದರೆ ಪರದೆ ಬೀಳುವವರೆಗಿನ ಮಾತು ಎಂದೇ ನಾವು ಬೆಳೆದದ್ದು. ಚರ್ಚಿನಲ್ಲಿ ಪುನರುತ್ಥಾನದ ಪಾಠ ಮಾಡಿದಾಗ ತಮ್ಮ ನನ್ನ ಕಿವಿಯಲ್ಲಿ, "ಇದು ಗೊತ್ತಿರೋದೇ ಅಲ್ವಾ" ಎಂದಿದ್ದ.

ಜನವರಿ 18, ಭಾನುವಾರ

ಆರಾಧನೆ ಮುಗಿದ ಮೇಲೆ ಹಿಂದಿನ ಸಾಲಿನ ಮನೆಯವರನ್ನೆಲ್ಲ ಪಾದ್ರಿಗಳು ಕೂರಿಸಿಕೊಂಡರು. ಅಮ್ಮ ಮೊದಲ ಬೆಂಚಿನಲ್ಲಿ, ಕೊಡೆಯನ್ನು ಗದೆಯ ಹಾಗೆ ಊರಿಕೊಂಡು.

ಹಿರಿಯರೊಬ್ಬರು ಎದ್ದು ಕೇಳಿದರು. "ಹೊಸ ಜಾಗದಲ್ಲೂ ಕಾಲು ಪೂರ್ವಕ್ಕೇ ತಾನೇ ಫಾದರ್? ಜಾಗ ಉಳಿಸೋಕೆ ಅಂತ ಅಡ್ಡಾದಿಡ್ಡಿ ಮಲಗಿಸ್ಬೇಡಿ."

"ಪೂರ್ವಕ್ಕೇ," ಎಂದರು ಪಾದ್ರಿ. ನಮ್ಮಲ್ಲಿ ಅದು ಕಟ್ಟುನಿಟ್ಟು. ಕರ್ತನು ಬರುವ ದಿನ ಸತ್ತವರು ಎದ್ದು ನಿಂತಾಗ ಮುಖ ಮೂಡಣಕ್ಕೆ, ಬೆಳಕಿನ ಕಡೆಗೆ ಇರಬೇಕು. ಅದಕ್ಕೇ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಇದನ್ನು ತಪ್ಪಿಸಿದವರು ಯಾರೂ ಇಲ್ಲ.

ಗುರುತು ಏನಾದರೂ ಇದ್ದರೆ ಹೇಳಿ ಎಂದಾಗ ನಾನೆದ್ದು ಹೇಳಿದೆ. ಬೈಕಿನಿಂದ ಬಿದ್ದು ತಮ್ಮನ ಬಲತೊಡೆ ಮುರಿದಿತ್ತು. ಒಳಗೆ ಸ್ಟೀಲ್ ರಾಡ್ ಹಾಕಿದ್ದರು. ಆಮೇಲೆ ತುಸು ಕುಂಟುತ್ತಿದ್ದ.

"ರಾಡ್ ಸಿಗಲ್ಲ," ಎಂದಳು ಅಮ್ಮ. "ಅದು ಅವನ ಕಾಲಲ್ಲಿದೆ. ಅವನು ಅದರ ಮೇಲೆ ಓಡಾಡ್ತಾ ಇದ್ದಾನೆ."

ಹೊರಗೆ ಬಂದಾಗ ಪಾದ್ರಿ ನನ್ನನ್ನು ಕಂಬದ ಮರೆಗೆ ಕರೆದರು. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣ ಹೇಳಿಸುವವನು ನಾನೇ. ಸತ್ತವರ ಪುನರುತ್ಥಾನವನ್ನು ನಂಬುತ್ತೇನೆ ಎಂಬಲ್ಲಿ ನನ್ನ ಕಂಠಕ್ಕೆ ಕಿಟಕಿಯ ಗಾಜು ಅದುರುತ್ತದೆ. ಹೊಗಳುತ್ತಾರೆಂದುಕೊಂಡೆ.

"ಆ ಸಾಲನ್ನ ನೀವು ಗುಡುಗ್ತೀರಿ. ಗೋಡೆ ಕೂಡ ನಂಬಿಬಿಡುತ್ತೆ," ಎಂದರು. "ನೀವು?"

"ನಂಬಿಕೆ ಇಲ್ಲದೆ ಅಷ್ಟು ದೊಡ್ಡ ದನಿ ಬರುತ್ತಾ ಫಾದರ್?"

"ನಂಗೆ ಗೊತ್ತಿಲ್ಲ. ನಿಮ್ಮ ತಾಯಿ ಅವನು ಸತ್ತಿಲ್ಲ ಅಂತಾರೆ. ನೀವೇನಂತೀರಿ ಅಂತ ಇದುವರೆಗೂ ಕೇಳಿಲ್ಲ ನೋಡಿ. ಎದ್ದು ಬರ್ಬೇಕಾದ್ರೆ ಮೊದಲು ಸತ್ತಿರ್ಬೇಕಲ್ವಾ."

ಎಂಥ ಮಾತು. ಪಾದ್ರಿಗೆ ವಯಸ್ಸು ಸಾಲದು. ರಂಗದಿಂದ ನಿರ್ಗಮಿಸಿದವನ ಬಗ್ಗೆ ನಾನೇನು ಹೇಳಬೇಕಿತ್ತು?

ಜನವರಿ 24

ಗಾಜಿನ ಆಚೆ ಒಂದು ಮುಖ. ಪ್ರಯಾಣಿಕಳೆಂದು ಕೈಬೀಸಿ ವಿಚಾರಣೆಯ ಕಿಟಕಿ ತೋರಿಸಿದೆ. ಕದಲಲಿಲ್ಲ. ಆಮೇಲೆ ಗುರುತು ಹತ್ತಿತು. ತಮ್ಮನ ಹೆಂಡತಿ. ಹೆಂಡತಿಯಾಗಿದ್ದವಳು. ಕನ್ನಡಕದ ಅಂಗಡಿಯವನನ್ನು ಮದುವೆಯಾದ ಮೇಲೆ ಅವಳು ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ. ಅಮ್ಮ ಹತ್ತಿಸಿಲ್ಲ. ಗಂಡ ಬದುಕಿರುವಾಗಲೇ ಇನ್ನೊಬ್ಬನ ಕೈ ಹಿಡಿದವಳು ಎಂದೇ ಅಮ್ಮನ ತೀರ್ಪು.

ನಿಲ್ದಾಣದ ಟೀ ಅಂಗಡಿಯ ಹಿಂದೆ ನಿಂತು ಮಾತಾಡಿದೆವು.

"ಭಾವ, ಸಮಾಧಿ ತೆಗೆಯೋ ದಿನ ನಾನೂ ಬರ್ತೀನಿ."

"ಅಮ್ಮ ಬರ್ತಾಳೆ."

"ಗೊತ್ತು. ಅದಕ್ಕೇ ಮೊದಲು ನಿಮ್ಮನ್ನ ಕೇಳೋಕೆ ಬಂದೆ." ಅವಳು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಕುಡಿಯಲಿಲ್ಲ. "ನೋಡದೇ ವಿಧವೆ ಆದೆ. ನೋಡದೇ ಇನ್ನೊಂದು ಮದುವೇನೂ ಆದೆ. ಹಗಲೆಲ್ಲ ಸರಿಯಾಗೇ ಇರ್ತೀನಿ. ಬಾಗಿಲು ಬಡಿದ್ರೆ ಸಾಕು, ಎದೆ ಹಾರುತ್ತೆ. ಅತ್ತೆ ಹೇಳೋದೇ ನಿಜ ಆಗಿ, ಅವರು ಅಲ್ಲಿಲ್ಲ ಅಂದ್ರೆ ನಾನು ಯಾರ ಹೆಂಡತಿ ಭಾವ?"

ಸಾವಿರ ಜನರ ಮುಂದೆ ತಡವರಿಸದ ನಾಲಿಗೆ ನನ್ನದು. "ಬಸ್ ಬಂತು" ಎಂದೆ. ಯಾವ ಬಸ್ಸೂ ಬಂದಿರಲಿಲ್ಲ.

ಜನವರಿ 31

ಮನೆಯಲ್ಲಿ ಇಂದು ಮಹಾಯುದ್ಧ. ತಮ್ಮನ ಹೆಂಡತಿಯೂ ಬರಲಿ ಎಂದೆ. ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಸಿಂಕಿಗೆ ಬಿಟ್ಟಳು.

"ಅವಳು ಬಂದ್ರೆ ನಾನು ಆ ಗೇಟು ದಾಟಲ್ಲ."

"ಅವಳ ಗಂಡ ಅವನು."

"ಯಾವ ಗಂಡ? ಅವಳಿಗೀಗ ಎಷ್ಟು ಗಂಡಂದಿರು, ಲೆಕ್ಕ ಇಟ್ಟಿದೀಯಾ?"

ನಾನು ಗುಡುಗಿದೆ. ಧರ್ಮ ಎಂದೆ, ನ್ಯಾಯ ಎಂದೆ, ಎದೆ ಮುಟ್ಟಿಕೊಂಡು ಮೇಲೆ ನೋಡಿದೆ. ಅಮ್ಮ ನಲ್ಲಿ ನಿಲ್ಲಿಸಿದಳು.

"ಆಯ್ತಾ? ನಿಮ್ಮಪ್ಪನೂ ಹೀಗೇ. ಬೆಕ್ಕು ಅಡ್ಡ ಬಂದ್ರೂ ಸಿಂಹ ನುಗ್ಗಿತು ಅನ್ನೋರು. ಒಂದು ಕೇಳ್ತೀನಿ, ಕೂಗದೆ ಹೇಳು ದೊಡ್ಡೋನೆ. ಅಲ್ಲಿ ಅವನಿಲ್ಲದೇ ಇರ್ಲಿ ಅಂತ ನಿಂಗೆ ಆಸೆ ಇಲ್ವಾ?"

ಹೊರಗೆ ಹೋಗಿ ಮೂಲೆಯ ಅಂಗಡಿಯವರೆಗೆ ನಡೆದು ಬಂದೆ. ಏನೂ ಕೊಳ್ಳಲಿಲ್ಲ.

ಫೆಬ್ರವರಿ 2

ತಮ್ಮನ ಹೆಂಡತಿಗೆ ಫೋನ್ ಮಾಡಿ ಬಾ ಎಂದೆ. ಅಮ್ಮನಿಗೆ ಹೇಳಿಲ್ಲ.

ಫೆಬ್ರವರಿ 4

ನಾಳೆ.

ಫೆಬ್ರವರಿ 5

ಬೆಳಿಗ್ಗೆ ಹೋದೆವು. ಗೋಡೆಯಾಚೆ ರಸ್ತೆ ಕೆಲಸದ ಯಂತ್ರಗಳು ನಿಂತಿದ್ದವು. ಗೇಟಿನ ಹತ್ತಿರ ತಮ್ಮನ ಹೆಂಡತಿ ಒಬ್ಬಳೇ ನಿಂತಿದ್ದಳು. ಅಮ್ಮ ನಿಂತುಬಿಟ್ಟಳು. ನನ್ನ ಕಡೆ ತಿರುಗಲೂ ಇಲ್ಲ.

"ನೀವು ಮುಂದೆ ನಡೀರಿ ಅತ್ತೆ. ನಾನು ದೂರದಲ್ಲೇ ನಿಲ್ತೀನಿ," ಎಂದಳು ಅವಳು.

ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ ದೂರ? ಹತ್ರ ಬಾ. ಅವನಿಲ್ಲಿಲ್ಲ ಅನ್ನೋದು ನಿನ್ನ ಕಣ್ಣಿಗೂ ಬೀಳ್ಲಿ."

ಪಾದ್ರಿ ಪ್ರಾರ್ಥನೆ ಮಾಡಿದರು. ಗುಂಡಿ ತೆಗೆಯುವವರು ಇಬ್ಬರು. ಎಲ್ಲವನ್ನೂ ಕೆದಕುವ ಮೊದಲು ಗುರುತು ಸಿಗಲಿ, ಕಾಲಿನ ಕಡೆಯಿಂದ ತೆಗೆಯಿರಿ ಎಂದು ಪಾದ್ರಿ ಹೇಳಿದರು. ಹಾಗಾಗಿ ಪೂರ್ವದ ತುದಿಯಿಂದ ಅಗೆದರು. ಮೇಲಿನ ಮಣ್ಣು ಗಟ್ಟಿ, ಕೆಳಗಿನದು ಹಸಿ. ಆಮೇಲೆ ಹಾರೆ ಬಿಟ್ಟು ಕೈಯಿಂದ ತೆಗೆದರು. ಚೀಲದ ಬಿಳಿ ಬಣ್ಣ ಮಾಸಿತ್ತು, ಚೀಲ ಹಾಗೇ ಇತ್ತು. ಒಬ್ಬ ಅದನ್ನು ಕತ್ತರಿಸಿ ಪಕ್ಕಕ್ಕೆ ಸರಿಸಿದ, ತಲೆಯೆತ್ತಿ ಪಾದ್ರಿಯನ್ನು ನೋಡಿದ.

ಕಾಲಿರಬೇಕಾದ ಕಡೆ ತಲೆ ಇತ್ತು.

ಮೊದಲು ಮಾತಾಡಿದ್ದು ಅಮ್ಮ. ಮೆಲ್ಲಗೆ ಹೇಳಿದಳು. "ನೋಡಿದ್ರಾ. ನಮ್ಮವರನ್ನ ಯಾರಾದ್ರೂ ಹೀಗೆ ಮಲಗಿಸ್ತಾರಾ? ಇದು ಯಾರೋ ಬೇರೆಯವರು. ನನ್ನ ಮಗ ಅಲ್ಲ."

ಆಗ ಅವಳ ಮುಖ ಹುಡುಗಿಯ ಮುಖದ ಹಾಗಿತ್ತು. ನನಗೂ ಒಳಗೆ ಏನೋ ಜಿಗಿಯಿತು. ಇಲ್ಲ, ಅವನು ಇಲ್ಲಿಲ್ಲ. ಸಂಜೆ ಅವನಿಗೆ ಇದನ್ನೆಲ್ಲ ಹೇಳಿ ನಗಿಸಬೇಕು ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ. ತಮ್ಮನ ಹೆಂಡತಿ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಮುಚ್ಚಿ," ಎಂದಳು ಅಮ್ಮ. "ಪಾಪ, ಯಾರ ಮನೆಯವರೋ. ಇನ್ನು ಕೆದಕ್ಬೇಡಿ."

"ತಡೀರಿ ಅಮ್ಮ," ಎಂದರು ಪಾದ್ರಿ. "ಆ ದಿನ ಹೊತ್ತು ತಂದವರು ನಮ್ಮವರಲ್ಲ. ಅವರಿಗೆ ಪೂರ್ವ ಪಶ್ಚಿಮ ಯಾರು ಹೇಳಿದ್ರು? ಮುಚ್ಚಿದ ಚೀಲದಲ್ಲಿ ತಲೆ ಯಾವ್ದು, ಕಾಲು ಯಾವ್ದು, ಯಾರಿಗೆ ಗೊತ್ತಾಗ್ತಿತ್ತು? ಆ ತುದಿನೂ ನೋಡೋಣ."

"ಬೇಡ."

"ನೋಡ್ಲೇಬೇಕು ಅಮ್ಮ."

"ಬೇಡ ಅಂದೆ."

ಅವಳು ಕೊಡೆಯನ್ನು ಅಡ್ಡ ಹಿಡಿದಳು. ಗುಂಡಿಯ ಆ ತುದಿಗೆ ಹೋಗಿ ನಿಂತುಬಿಟ್ಟಳು. ಗುಂಡಿ ತೆಗೆಯುವವರು ಕೈಕಟ್ಟಿ ನಿಂತರು. ಎಲ್ಲರೂ ನನ್ನ ಮುಖ ನೋಡಿದರು. ಒಂದು ಸಂಭಾಷಣೆಯಾದರೂ ನೆನಪಾಗಲಿ ಎಂದು ಕಾದೆ. ಯಾವುದೂ ನೆನಪಾಗಲಿಲ್ಲ. ಹೋಗಿ ಅಮ್ಮನ ಭುಜ ಹಿಡಿದೆ. "ಬಾಮ್ಮ" ಎಂದೆ. ಅಷ್ಟೇ ಅಂದದ್ದು. ಸ್ವಲ್ಪ ಹೊತ್ತಾದ ಮೇಲೆ ಪಕ್ಕಕ್ಕೆ ಸರಿದಳು.

ಪಶ್ಚಿಮದ ತುದಿಯನ್ನು ತೆಗೆದರು. ಮೊದಲು ಎಡಗಾಲು, ಆಮೇಲೆ ಬಲಗಾಲು. ತೊಡೆಯ ಮೂಳೆಯ ಮೇಲ್ತುದಿಯಲ್ಲಿ ಮಣ್ಣು ಒರೆಸಿದಾಗ ಬೆಳ್ಳಗೆ ಹೊಳೆಯಿತು.

ರಾಡ್ ಇತ್ತು. ಸ್ಕ್ರೂಗಳೂ ಇದ್ದವು.

ಆಚೆ ರಸ್ತೆಯಲ್ಲಿ ಯಾರೋ ಯಂತ್ರ ಚಾಲೂ ಮಾಡಿ ಮತ್ತೆ ನಿಲ್ಲಿಸಿದರು. ಅಮ್ಮ ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಕೈ ಚಾಚಿ ಆ ಕಬ್ಬಿಣವನ್ನು ಬೆರಳಿನಿಂದ ಮುಟ್ಟಿದಳು.

"ಮೂಳೆ ಕೂಡ್ಕೊಂಡ ಮೇಲೆ ಬಂದು ತೆಗೆಸ್ಕೋ ಅಂತ ಡಾಕ್ಟ್ರು ಹೇಳಿದ್ರು," ಎಂದಳು. "ಹೋಗು ಹೋಗು ಅಂತ ಎಷ್ಟು ಸಲ ಬಡ್ಕೊಂಡೆ. ಹೋಗ್ಲೇ ಇಲ್ಲ. ಸೋಮಾರಿ. ಎಲ್ಲದಕ್ಕೂ ನಾಳೆ ನಾಳೆ ಅನ್ನೋನು."

ಅನ್ನೋನು ಎಂದಳು. ಅಂತಾನೆ ಎನ್ನಲಿಲ್ಲ.

ತಮ್ಮನ ಹೆಂಡತಿ ಮಣ್ಣಿನ ಗುಡ್ಡೆಯಿಂದ ಇಳಿದು ಬಂದು ಅವಳ ಪಕ್ಕದಲ್ಲಿ ಕುಳಿತಳು. "ಮೋಡ ಆದ್ರೆ ನೋಯ್ತಿತ್ತು ಅತ್ತೆ. ರಾತ್ರಿ ಬಿಸಿ ಬಟ್ಟೆ ಇಡು ಅನ್ನೋರು. ನಿಮಗೆ ಹೇಳ್ಬೇಡ ಅನ್ನೋರು."

"ಎಲ್ಲಿ ನೋಯ್ತಿತ್ತು?"

"ಇಲ್ಲಿ. ಹೊರಗಡೆಗೆ, ಮಂಡಿ ಮೇಲೆ."

"ಇಡ್ತಿದ್ಯಾ?"

"ಇಡ್ತಿದ್ದೆ."

ಅಮ್ಮ ತಲೆಯಾಡಿಸಿದಳು. ಆಮೇಲೆ ಅಳು ಬಂತು. ಅವಳು ಹೀಗೆ ಅತ್ತದ್ದನ್ನು ನಾನು ಇದೇ ಮೊದಲು ಕೇಳಿದ್ದು. ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿಕೊಂಡು ಅತ್ತರು. ಗುಂಡಿ ತೆಗೆಯುವವರು ಮೇಲೆ ಬಂದು ಬೆನ್ನು ತಿರುಗಿಸಿ ನಿಂತರು.

ಮೂಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟವನು ನಾನು. ಎತ್ತಿಕೊಂಡವನೂ ನಾನು. ಹಗುರವಾಗಿದ್ದ. ವ್ಯಾನಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು.

ಹೊಸ ಜಾಗದಲ್ಲಿ ಇನ್ನೂ ಮರಗಳಿಲ್ಲ. ಇಳಿಸುವ ಮೊದಲು ಅಮ್ಮ ಕೇಳಿದಳು. "ಫಾದರ್, ಎದ್ದಾಗ ಈ ಕಬ್ಬಿಣ ಇರುತ್ತಾ ಅವನಿಗೆ?"

ಪಾದ್ರಿ ಯೋಚಿಸಿದರು. "ಗೊತ್ತಿಲ್ಲ ಅಮ್ಮ. ಯೇಸು ಎದ್ದು ಬಂದಾಗ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ನನಗೆ ಗೊತ್ತಿರೋದು ಅಷ್ಟೇ."

"ಹಾಗಾದ್ರೆ ಕುಂಟ್ಕೊಂಡೇ ಬರ್ತಾನೆ. ದೂರದಿಂದಲೇ ಗುರುತು ಸಿಗುತ್ತೆ."

ಗುಂಡಿ ತೆಗೆಯುವವನು ಯಾವ ಕಡೆ ತಲೆ ಎಂದು ಕೇಳಿದ. ಅಮ್ಮ ಸೂರ್ಯನನ್ನು ನೋಡಿ ದಿಕ್ಕು ಗೊತ್ತುಮಾಡಿಕೊಂಡಳು. ಪೆಟ್ಟಿಗೆಯನ್ನು ತಾನೇ ಹಿಡಿದು ತಿರುಗಿಸಿದಳು.

ನನ್ನ ತಮ್ಮ ಸತ್ತಿದ್ದಾನೆ.

ಫೆಬ್ರವರಿ 8, ಭಾನುವಾರ

ವಿಶ್ವಾಸ ಪ್ರಮಾಣ ಹೇಳಿಸಿದೆ. ಎಂದಿನಂತೆ.

ಮನೆಗೆ ಬರುವಾಗ ಅಮ್ಮ ಕೇಳಿದಳು. "ಮೈಕ್ ಕೆಟ್ಟಿತ್ತಾ? ಸತ್ತವರ ಪುನರುತ್ಥಾನ ಅನ್ನೋ ಹೊತ್ತಿಗೆ ಹಿಂದಿನ ಬೆಂಚಿನವರು ಕೇಳಿಸ್ತಿಲ್ಲ ಅಂತಿದ್ರು."

ಮೈಕಿಗೆ ಏನೂ ಆಗಿರಲಿಲ್ಲ. ನಾನು ಎಂದಿನಂತೆಯೇ ಹೇಳಿದ್ದು. ಅವರಿಗೆ ಕಿವಿ ಮಂದವಾಗಿರಬೇಕು.

ಫೆಬ್ರವರಿ 11

ಕಂಟ್ರೋಲರ್ ಬಂದು ಹುಷಾರಿದ್ದೀಯಾ ಎಂದು ಕೇಳಿದ. ಈಗೀಗ ನಿನ್ನ ಮಾತು ಪಕ್ಕದ ಮನೆಯವರು ಹೇಳಿದ ಹಾಗೆ ಕೇಳಿಸುತ್ತದೆ, ಜನ ಸರಿಯಾದ ಬಸ್ಸಿಗೇ ಹತ್ತುತ್ತಿದ್ದಾರೆ ಎಂದ. ಏನೋ ಹುಚ್ಚು.

ಫೆಬ್ರವರಿ 15, ಭಾನುವಾರ

ಮಧ್ಯಾಹ್ನ ತಮ್ಮನ ಹೆಂಡತಿ ಬಂದಳು. ಅಮ್ಮನೇ ಕರೆದಿದ್ದಳಂತೆ, ನನಗೆ ಹೇಳಿರಲಿಲ್ಲ. ಹಿಂದೆ ಕನ್ನಡಕದ ಅಂಗಡಿಯವನೂ ಬಂದಿದ್ದ. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಾಚೆ ನಿಂತಿದ್ದ. ತೆಳ್ಳನೆಯ ಮನುಷ್ಯ. ತನ್ನದೇ ಕನ್ನಡಕ ಮೂಗಿನಿಂದ ಜಾರುತ್ತಿತ್ತು.

ತಮ್ಮನ ಹೆಂಡತಿ ಸೀದಾ ಅಡುಗೆಮನೆಗೆ ಹೋದಳು. ಪಾತ್ರೆಗಳು ಎಲ್ಲಿವೆ ಎಂದು ಅವಳು ಕೇಳಬೇಕಾಗಲಿಲ್ಲ. ಅವನು ಮಾತ್ರ ಅಲ್ಲೇ ನಿಂತಿದ್ದ.

"ಒಳಗೆ ಬಾ," ಎಂದಳು ಅಮ್ಮ.

"ಇರ್ಲಿ... ಪರವಾಗಿಲ್ಲ..." ಮುಂದೆ ಏನೆಂದು ಕರೆಯಬೇಕೋ ಅವನಿಗೆ ಸಿಗಲಿಲ್ಲ. ಮೇಡಂ ಎನ್ನಲು ಹೋಗಿ ನುಂಗಿಕೊಂಡ.

"ಅತ್ತೆ ಅನ್ನು."

ಅವನು ನನ್ನ ಮುಖ ನೋಡಿದ. ನಾನು ಅಮ್ಮನ ಮುಖ ನೋಡಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ಅತ್ತೆ," ಎಂದ ಅವನು, ತೀರಾ ಸಣ್ಣ ದನಿಯಲ್ಲಿ.

"ಹೂಂ. ಬಂದು ಇಲ್ಲಿ ಕೂತ್ಕೋ." ಅಮ್ಮ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಮಡಿಸಿದ ಬಟ್ಟೆಗಳನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ನನ್ನ ಮಗ ಎದ್ದು ಬರೋ ದಿನ ಇವಳು ನಿಮ್ಮಿಬ್ಬರ ಮಧ್ಯೆ ನಿಂತ್ಕೊಂಡು ತೊದಲ್ತಾಳೆ. ಈ ದೊಡ್ಡೋನು ಭಾಷಣ ಶುರು ಮಾಡ್ತಾನೆ. ನಿನ್ನನ್ನ ಅವನಿಗೆ ಪರಿಚಯ ಮಾಡ್ಸೋಳು ನಾನೇ. ನಿನ್ನ ಬಗ್ಗೆ ನಂಗೇನೂ ಗೊತ್ತಿಲ್ಲ. ಹೇಳು, ನಿಮ್ಮಪ್ಪ ಅಮ್ಮ ಇದ್ದಾರಾ?"